ರಕ್ತನಿಧಿಗೆ ಯಂತ್ರ ಬರಲಿ, ಮೊದಲು ಪೆನ್ನಿನ ಜಾಗಕ್ಕೆ

ರಾತ್ರಿ ಹನ್ನೊಂದರ ಮೇಲೆ ಕಲಬುರಗಿಯ ದೊಡ್ಡ ಆಸ್ಪತ್ರೆಯ ಬ್ಲಡ್ ಬ್ಯಾಂಕ್ ಕಿಟಕಿಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಒಂದೇ ಪ್ರಶ್ನೆ ನಾಲ್ಕಾರು ದನಿಯಲ್ಲಿ ಕೇಳಿಸುತ್ತದೆ. "ಸರ, ಬಾಟ್ಲಿ ಯಾವಾಗ ಸಿಗ್ತದ್ರಿ?" ಕೇಳುವವರು ಸುರಪುರದವರಿರಬಹುದು, ಚಿಂಚೋಳಿಯವರಿರಬಹುದು. ಕೈಯಲ್ಲಿ ವಾರ್ಡಿನ ಚೀಟಿ, ಅಂಗಿ ಕಿಸೆಯಲ್ಲಿ ರೋಗಿಯ ರಕ್ತದ ಪುಟ್ಟ ಟ್ಯೂಬು. ಒಳಗಿನ ಉತ್ತರವೂ ಬದಲಾಗುವುದಿಲ್ಲ: "ಕ್ರಾಸ್‌ಮ್ಯಾಚ್ ನಡದದ. ಇನ್ನಾ ಒಂದ್ ತಾಸು ಆಗ್ತದ, ಕೂಡ್ರಿ." ಚೀಲದ ರಕ್ತ ಈ ರೋಗಿಗೆ ಹೊಂದುತ್ತದೆಯೇ ಎಂದು ನೋಡುವುದೇ ಕ್ರಾಸ್‌ಮ್ಯಾಚ್. ಗಾಜಿನ ಬಾಟಲಿ ಹೋಗಿ ಪ್ಲಾಸ್ಟಿಕ್ ಚೀಲ ಬಂದು ದಶಕಗಳಾದರೂ ನಮ್ಮ ಕಡೆ ರಕ್ತ ಇನ್ನೂ ಬಾಟ್ಲಿಯಲ್ಲೇ ಇದೆ. 2020ರ ತಿದ್ದುಪಡಿಯಲ್ಲಿ ಕಾನೂನು 'ಬ್ಲಡ್ ಬ್ಯಾಂಕ್' ಹೆಸರನ್ನು 'ರಕ್ತ ಕೇಂದ್ರ' ಎಂದು ಬದಲಿಸಿತು. ಅದೂ ಬಾಯಿಗೆ ಬಂದಿಲ್ಲ.

ಆ ಕಿಟಕಿಯ ಒಳಗೆ ಕೆಲವು ವರ್ಷ ಕೂತು ಅದೇ ಉತ್ತರ ಕೊಟ್ಟವನು ನಾನು. ಈಗ ಹೊರಗಿನಿಂದ ನೋಡುವಾಗ ಒಂದು ಬೇಡಿಕೆ ಪದೇ ಪದೇ ಕಿವಿಗೆ ಬೀಳುತ್ತದೆ: ಪರೀಕ್ಷೆಗಳನ್ನೆಲ್ಲ ಯಂತ್ರಕ್ಕೆ ವಹಿಸಿಬಿಡಿ, ತಪ್ಪೇ ಆಗುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಜಾರ್ಖಂಡ್‌ನ ಚಾಯಿಬಾಸಾದಲ್ಲಿ ರಕ್ತ ಪಡೆಯುತ್ತಿದ್ದ ಥಲಸೇಮಿಯಾ ಮಕ್ಕಳಲ್ಲಿ ಎಚ್‌ಐವಿ ಪತ್ತೆಯಾಯಿತೆಂಬ ಸುದ್ದಿಯಂಥದ್ದು ಬಂದಾಗ ಈ ದನಿ ಇನ್ನೂ ಏರುತ್ತದೆ. ಏರಬೇಕಾದದ್ದೇ. ಯಂತ್ರ ಬೇಕು ಎನ್ನುವವರಲ್ಲಿ ನಾನೂ ಒಬ್ಬ. ಆದರೆ ಅದು ಯಾರ ಕೆಲಸ ಕಿತ್ತುಕೊಳ್ಳಬೇಕು ಎಂಬಲ್ಲಿ ನನ್ನ ಲೆಕ್ಕ ಬೇರೆ.

ಒಂದು ಚೀಲ ರಕ್ತ ದಾನಿಯ ತೋಳಿನಿಂದ ರೋಗಿಯ ತೋಳಿಗೆ ಹೋಗುವ ನಡುವೆ ಎರಡು ಬಗೆಯ ಪರೀಕ್ಷೆ ನಡೆಯುತ್ತವೆ. ಗುಂಪು ಮತ್ತು ಹೊಂದಾಣಿಕೆಯದು ಒಂದು, ಸೋಂಕಿನದು ಇನ್ನೊಂದು. ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ವಿವರಿಸಿದ ಮೇಲೆ ಮೊದಲನೆಯದರ ಮೂಲ ತತ್ವ ಬದಲಾಗಿಲ್ಲ. ಕೆಂಪು ಕಣಕ್ಕೆ ಆಂಟಿ-ಎ, ಆಂಟಿ-ಬಿ, ಆಂಟಿ-ಡಿ ಹನಿ ಹಾಕಿ ಎಲ್ಲಿ ಗಂಟು ಕಟ್ಟುತ್ತದೆ ಎಂದು ನೋಡುವುದು ಫಾರ್ವರ್ಡ್ ಗ್ರೂಪಿಂಗ್. ಅದೇ ವ್ಯಕ್ತಿಯ ಪ್ಲಾಸ್ಮಾಕ್ಕೆ ಗೊತ್ತಿರುವ ಎ, ಬಿ, ಓ ಕಣ ಬೆರೆಸಿ ಉಲ್ಟಾ ಕಡೆಯಿಂದ ತಾಳೆ ನೋಡುವುದು ರಿವರ್ಸ್. ಎರಡೂ ಒಂದೇ ಉತ್ತರ ಹೇಳಿದರೆ ಮಾತ್ರ ಚೀಲದ ಮೇಲೆ ಗುಂಪಿನ ಚೀಟಿ.

ದಣಿದ ಕೈ ಮೊದಲು ಬಿಡುವುದು ಈ ರಿವರ್ಸ್ ಅನ್ನು. ಅದರಲ್ಲೂ ಓ ಕಣದ ಟ್ಯೂಬನ್ನು. "ಯಾವಾಗಲೂ ನೆಗೆಟಿವ್ ಬರುವುದು, ಹಾಕಿದರೇನು ಬಿಟ್ಟರೇನು" ಎಂಬ ಮನಸ್ಸು. ಆ ಟ್ಯೂಬು ಬಿಟ್ಟರೆ, ಓ ಕಣವನ್ನೂ ಗಂಟು ಕಟ್ಟಿಸುವ ಪ್ಲಾಸ್ಮಾ ಇರುವ ಬಾಂಬೆ ಗುಂಪಿನವರು ಓ ಗುಂಪಿನವರಾಗಿ ದಾಟಿಹೋಗುತ್ತಾರೆ. 1952ರಲ್ಲಿ ಮುಂಬೈಯಲ್ಲಿ ಗುರುತಿಸಿದ ಈ ಗುಂಪು ಭಾರತದಲ್ಲಿ ಸುಮಾರು 10,000 ಮಂದಿಯಲ್ಲಿ ಒಬ್ಬರಿಗೆ ಇದೆ ಎಂಬ ಅಂದಾಜಿದೆ. ಅವರಿಗೆ ಓ ರಕ್ತ ಏರಿಸಿದರೂ ಜೀವಕ್ಕೆ ಅಪಾಯ. ಯಂತ್ರದ ಮೊದಲ ದೊಡ್ಡ ಗುಣ ಇಲ್ಲಿದೆ. ಅದಕ್ಕೆ ಬೇಸರವಿಲ್ಲ. ನಸುಕಿನ ಮೂರಕ್ಕೂ ಓ ಕಣದ ಪರೀಕ್ಷೆ ಹಾಕುತ್ತದೆ, ಮುನ್ನೂರನೇ ಸ್ಯಾಂಪಲ್ಲಿಗೂ ಹಾಕುತ್ತದೆ.

ಆದರೂ ನಾನು ಕಂಡ ಅತಿ ದೊಡ್ಡ ಎಡವಟ್ಟಿಗೆ ಪರೀಕ್ಷೆ ಕಾರಣವಾಗಿರಲಿಲ್ಲ.

ಆಳಂದ ಕಡೆಯ ಶಿಬಿರವೊಂದರಿಂದ ಅವತ್ತು ಅರವತ್ತಕ್ಕೂ ಹೆಚ್ಚು ಯೂನಿಟ್ ಬಂದಿದ್ದವು. ನಾನು ಟ್ಯೂಬು ನೋಡಿ ಕೂಗುವುದು, ಜೊತೆಗಿದ್ದವ ರಿಜಿಸ್ಟರಿನಲ್ಲಿ ಬರೆಯುವುದು. ಇಪ್ಪತ್ಮೂರನೇ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದನ್ನು ಬದಿಗಿಟ್ಟು, ಬಾಯಿಬಿಟ್ಟು ಹೇಳದೆ, ಮುಂದಿನದನ್ನು ಕೂಗಿದೆ. ಅವನು ಅದನ್ನು ಇಪ್ಪತ್ಮೂರನೇ ಸಾಲಿಗೆ ಬರೆದ. ಅಲ್ಲಿಂದ ಕೆಳಗೆ ಪ್ರತಿಯೊಂದೂ ಒಂದೊಂದು ಸಾಲು ಮೇಲೆ. ಒಬ್ಬರ ಗುಂಪು ಇನ್ನೊಬ್ಬರಿಗೆ. ದಾನಿಯೊಬ್ಬರ ಹಳೆಯ ಕಾರ್ಡಿನಲ್ಲಿ ಬಿ ಪಾಸಿಟಿವ್ ಇದ್ದು ರಿಜಿಸ್ಟರಿನಲ್ಲಿ ಓ ಕಂಡಾಗ ಸಿಕ್ಕಿಬಿತ್ತು. ಆ ರಾತ್ರಿ ಎಲ್ಲ ಟ್ಯೂಬುಗಳನ್ನು ಮತ್ತೆ ಮಾಡಿದೆವು. ಒಂದೇ ಒಂದು ಪರೀಕ್ಷೆಯೂ ತಪ್ಪಿರಲಿಲ್ಲ. ತಪ್ಪಿದ್ದು ಸಾಲು.

ಗುಂಪಿನ ವಿಷಯದಲ್ಲಿ ಇಂಥ ತಪ್ಪಿಗೆ ಮುಂದೆ ಇನ್ನೂ ಬಲೆಗಳಿವೆ. ಕೊಡುವ ಮುನ್ನ ಚೀಲದ ಬಾಲದಂತಿರುವ ಕೊಳವೆಯ ತುಂಡಿನಿಂದ ರಕ್ತ ತೆಗೆದು ರೋಗಿಯ ಪ್ಲಾಸ್ಮಾದೊಂದಿಗೆ ಕ್ರಾಸ್‌ಮ್ಯಾಚ್ ಮಾಡುತ್ತಾರೆ. ಓ ಎಂದು ಚೀಟಿ ಅಂಟಿಸಿದ ಬಿ ಚೀಲವು ಓ ಗುಂಪಿನ ರೋಗಿಯ ಎದುರು ಬಂದರೆ ಅಲ್ಲಿ ಗಂಟು ಕಟ್ಟಿ ನಿಲ್ಲುತ್ತದೆ. ಆದರೆ ಅದೇ ಸಾಲು ಸೋಂಕಿನ ಪರೀಕ್ಷೆಯ ಹಾಳೆಯಲ್ಲಿ ಜಾರಿದ್ದರೆ? ಹೆಪಟೈಟಿಸ್ ಬಿ ಇರುವ ಚೀಲ ಒಳ್ಳೆಯದಾಗಿ, ಒಳ್ಳೆಯ ಚೀಲ ಕೆಟ್ಟದ್ದಾಗಿ ಬಿಡುತ್ತದೆ. ಅದನ್ನು ಹಿಡಿಯಲು ಮುಂದೆ ಯಾವ ಬಲೆಯೂ ಇಲ್ಲ. ಕ್ರಾಸ್‌ಮ್ಯಾಚ್‌ಗೆ ವೈರಸ್ ಕಾಣುವುದಿಲ್ಲ. ಚೀಲ ಫ್ರಿಜ್ಜಿನಿಂದ ಹೊರಟು ನೇರ ವಾರ್ಡಿಗೆ ಹೋಗುತ್ತದೆ.

ಹಾಗಾಗಿ ಯಂತ್ರ ತರುವವರು ಎಲ್ಲಿಂದ ಶುರು ಮಾಡಬೇಕೆಂದು ಕೇಳಿದರೆ ನಾನು ತೋರಿಸುವುದು ಸೋಂಕು ಹುಡುಕುವ ಎಲೈಸಾ ಪರೀಕ್ಷೆಯ ಮೇಜನ್ನು. ನಮ್ಮ ನಿಯಮದಂತೆ ಪ್ರತಿ ಯೂನಿಟ್ಟನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ ಐದಕ್ಕೆ ಪರೀಕ್ಷಿಸಬೇಕು. ಮೊದಲ ಮೂರಕ್ಕೆ ಬಹಳ ಕಡೆ ಎಲೈಸಾ. 96 ಪುಟ್ಟ ಗುಳಿಗಳಿರುವ ಪ್ಲೇಟು. ಒಂದೊಂದು ಗುಳಿಗೂ ಒಬ್ಬ ದಾನಿಯ ಸೀರಂ. ಯಾವ ಗುಳಿ ಯಾರದು ಎಂಬ ನಕ್ಷೆ ಮಾತ್ರ ಕಾಗದದ ಮೇಲೆ, ಪೆನ್ನಿನಲ್ಲಿ. ರೀಡರ್ ಯಂತ್ರ ಗುಳಿಯ ಬಣ್ಣವನ್ನು ಚಾಚೂ ತಪ್ಪದೆ ಅಳೆದು ಸಂಖ್ಯೆ ಮುದ್ರಿಸಿ ಕೊಡುತ್ತದೆ. ಅದು ಕೊಡುವುದು ಸಿ-5 ಗುಳಿಯ ಸಂಖ್ಯೆ. ಸಿ-5 ಎಂದರೆ ಅಫಜಲಪುರದ ಮೇಷ್ಟ್ರೋ ಜೇವರ್ಗಿಯ ಹುಡುಗನೋ ಎಂಬುದನ್ನು ಹೇಳಬೇಕಾದದ್ದು ಆ ಕಾಗದ. ಲಕ್ಷಾಂತರ ರೂಪಾಯಿಯ ರೀಡರ್‌ನ ನಿಖರತೆಯೆಲ್ಲ ಹತ್ತು ರೂಪಾಯಿಯ ಪೆನ್ನಿನ ಮೇಲೆ ನಿಂತಿರುತ್ತದೆ.

ಪೂರ್ಣ ಸ್ವಯಂಚಾಲಿತ ಯಂತ್ರ ಇದನ್ನು ಹೇಗೆ ಮುರಿಯುತ್ತದೆಂದರೆ, ಟ್ಯೂಬಿನ ಬಾರ್‌ಕೋಡನ್ನು ತಾನೇ ಓದುತ್ತದೆ, ಆ ಟ್ಯೂಬಿನಿಂದ ಎಷ್ಟು ಬೇಕೋ ಅಷ್ಟು ತಾನೇ ಹೀರುತ್ತದೆ, ಯಾವ ಗುಳಿಗೆ ಹಾಕಿದೆ ಎಂಬುದನ್ನು ತಾನೇ ನೆನಪಿಡುತ್ತದೆ, ಫಲಿತಾಂಶವನ್ನು ಅದೇ ಸಂಖ್ಯೆಯ ಮುಂದೆ ಕಂಪ್ಯೂಟರಿಗೆ ಕಳಿಸುತ್ತದೆ. ನಡುವೆ ಯಾರೂ ಕೂಗುವುದಿಲ್ಲ, ಯಾರೂ ಬರೆಯುವುದಿಲ್ಲ. ಹೀರುವ ಸೂಜಿಗೆ ಒತ್ತಡದ ಅಳತೆಯಿರುವ ಯಂತ್ರಗಳಲ್ಲಿ ಹೆಪ್ಪು ಅಡ್ಡ ಬಂದರೆ ಅದು ನಿಂತು ಕೂಗಿಕೊಳ್ಳುತ್ತದೆ. ನನ್ನ ಹಾಗೆ ಸುಮ್ಮನೆ ಮುಂದಕ್ಕೆ ಹೋಗುವುದಿಲ್ಲ.

ಗುಂಪಿನ ಪರೀಕ್ಷೆಯಲ್ಲಿ ಯಂತ್ರಕ್ಕೆ ದಾರಿ ಮಾಡಿಕೊಟ್ಟದ್ದು ಜೆಲ್ ಕಾರ್ಡ್. ಫ್ರಾನ್ಸ್‌ನ ಈವ್ ಲಾಪಿಯೇರ್ 1980ರ ದಶಕದಲ್ಲಿ ರೂಪಿಸಿದ್ದು. ಅಂಗೈಯಷ್ಟು ಕಾರ್ಡಿನಲ್ಲಿ ಸಾಮಾನ್ಯವಾಗಿ ಆರು ಸಣ್ಣ ಕೊಳವೆ, ಒಳಗೆ ಜೆಲ್. ಕಣಗಳನ್ನು ಮೇಲೆ ಹಾಕಿ ತಿರುಗಿಸಿದರೆ ಬಿಡಿ ಕಣಗಳು ಜೆಲ್ ಸೀಳಿ ತಳಕ್ಕೆ ಇಳಿಯುತ್ತವೆ, ಗಂಟು ಕಟ್ಟಿದವು ಮೇಲೆಯೇ ಸಿಕ್ಕಿಕೊಳ್ಳುತ್ತವೆ. ಜೋಳ ಸಾಣಿಗೆ ಹಿಡಿದ ಹಾಗೆ. ಟ್ಯೂಬಿನ ವಿಧಾನದಲ್ಲಿ ತಳದ ಕಣವನ್ನು ಮೆಲ್ಲಗೆ ಅಲ್ಲಾಡಿಸಿ, ಬೆಳಕಿಗೆ ಹಿಡಿದು, ಇದು ಒಂದು ಪ್ಲಸ್ಸೋ ಎರಡೋ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದೆವು. ಜೋರಾಗಿ ಅಲ್ಲಾಡಿಸಿದರೆ ಸಣ್ಣ ಗಂಟು ಒಡೆದೇ ಹೋಗುತ್ತಿತ್ತು. ಜೆಲ್‌ನಲ್ಲಿ ಅಲ್ಲಾಡಿಸುವುದಿಲ್ಲ, ತೊಳೆಯುವುದಿಲ್ಲ, ಕಂಡದ್ದು ತಾಸುಗಟ್ಟಲೆ ಹಾಗೆಯೇ ಉಳಿಯುತ್ತದೆ. ಅದಕ್ಕೇ ಕ್ಯಾಮೆರಾ ಓದಬಹುದು, ಚಿತ್ರ ತೆಗೆದಿಡಬಹುದು, ಆರು ತಿಂಗಳ ನಂತರ ಯಾರಾದರೂ ಪ್ರಶ್ನಿಸಿದರೆ ತೆರೆದು ತೋರಿಸಬಹುದು. ಜೆಲ್‌ನಲ್ಲಿ ಕ್ರಾಸ್‌ಮ್ಯಾಚ್ ಎಂದರೆ 37 ಡಿಗ್ರಿಯಲ್ಲಿ ಹದಿನೈದು ನಿಮಿಷ, ತಿರುಗಿಸಲು ಹತ್ತು ನಿಮಿಷ. ಕಿಟಕಿಯ ಮುಂದಿನವರಿಗೆ ಹೇಳುವ 'ಒಂದ್ ತಾಸು' ನಿಜಕ್ಕೂ ಅರ್ಧ ತಾಸಾಗುವುದು ಇದರಿಂದ. ಇದಕ್ಕೆ ದೊಡ್ಡ ಯಂತ್ರವೇ ಬೇಕಿಲ್ಲ ಎಂಬುದನ್ನು ಮರೆಯಬಾರದು. ಒಂದು ಸಣ್ಣ ಇನ್‌ಕ್ಯುಬೇಟರ್, ಕಾರ್ಡಿಗೆಂದೇ ಇರುವ ಸೆಂಟ್ರಿಫ್ಯೂಜ್, ಒಂದು ಒಳ್ಳೆಯ ಪೈಪೆಟ್ ಇದ್ದರೆ ಕೈಯಲ್ಲೇ ಮಾಡಬಹುದು.

ಯಂತ್ರಕ್ಕೆ ತಿಳಿಯದ್ದೂ ಇದೆ. ಹೋದ ವಾರ ಬೇರೆಯ, ಆದರೆ ಹೊಂದುವ ಗುಂಪಿನ ರಕ್ತ ಪಡೆದ ರೋಗಿಯ ಟ್ಯೂಬಿನಲ್ಲಿ ಇಬ್ಬರ ಕಣ ಬೆರೆತಿರುತ್ತವೆ. ಜೆಲ್‌ನಲ್ಲಿ ಕೆಲವು ಮೇಲೆ, ಕೆಲವು ಕೆಳಗೆ. ತಿಂಗಳು ತಿಂಗಳು ರಕ್ತ ಬೇಕಾಗುವ ಥಲಸೇಮಿಯಾ ಮಕ್ಕಳ ಮೈಯಲ್ಲಿ ಪರರ ಕಣಗಳ ವಿರುದ್ಧ ಆಂಟಿಬಾಡಿ ಹುಟ್ಟಿ ಯಾವ ಚೀಲವೂ ಹೊಂದುವುದಿಲ್ಲ ಎಂದೇ ಉತ್ತರ ಬರುತ್ತದೆ. ಇಂಥಲ್ಲಿ ಯಂತ್ರ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೈ ತೊಳೆದುಕೊಳ್ಳುತ್ತದೆ. ಅದು ಸರಿಯೇ. ಆದರೆ ಆ ಚಿಹ್ನೆಯನ್ನು ಬಿಡಿಸುವ ಮನುಷ್ಯ ಪಕ್ಕದಲ್ಲಿ ಇರಬೇಕಲ್ಲ? ಐದು ವರ್ಷ ಬಟನ್ ಒತ್ತಿ ಮಾತ್ರ ಕೆಲಸ ಮಾಡಿದ ಹುಡುಗ ಕೆಂಪು ಕಣಕ್ಕೆ ಅಂಟಿದ ಆಂಟಿಬಾಡಿಯನ್ನು ಹುಡುಕುವ ಕೂಂಬ್ಸ್ ಪರೀಕ್ಷೆಯನ್ನು ಟ್ಯೂಬಿನಲ್ಲಿ ಮಾಡುವುದನ್ನು ಮರೆತಿರುತ್ತಾನೆ. 1945ರ ಆ ಹಳೆಯ ಪರೀಕ್ಷೆಯೇ ಯಂತ್ರ ಕೈಕೊಟ್ಟ ರಾತ್ರಿ ಕಾಯುವುದು. ವಾರಕ್ಕೊಂದು ಪಾಳಿಯಾದರೂ ಕೈಯಲ್ಲೇ ಮಾಡಿಸುವ ರೂಢಿ ಇಟ್ಟುಕೊಳ್ಳದ ಆಟೊಮೇಷನ್ ನನಗೆ ಭಯ ಹುಟ್ಟಿಸುತ್ತದೆ.

ಈಗ ಖರ್ಚಿನ ಮಾತು. ಇಲ್ಲೇ ಕಲಬುರಗಿ ಒಂದು ದಾರಿ, ಯಾದಗಿರಿ ಇನ್ನೊಂದು ದಾರಿ ಹಿಡಿಯಬೇಕಾಗುತ್ತದೆ. ಎಲೈಸಾದಲ್ಲಿ ಪ್ರತಿ ಸಲ ಪ್ಲೇಟು ಹಾಕಿದಾಗ ದಾನಿಗಳ ಸ್ಯಾಂಪಲ್ಲಿನ ಜೊತೆ ಉತ್ತರ ಮೊದಲೇ ಗೊತ್ತಿರುವ ಕಿಟ್ಟಿನ ಪಾಸಿಟಿವ್, ನೆಗೆಟಿವ್ ಕಂಟ್ರೋಲುಗಳಿಗೂ ಗುಳಿ ಕೊಡಬೇಕು. ಐದಾರು ಎಂದಿಟ್ಟುಕೊಳ್ಳಿ. ಶಿಬಿರದ ದಿನ ಎಪ್ಪತ್ತು ಸ್ಯಾಂಪಲ್ ಇದ್ದರೆ ಈ ಆರು ಲೆಕ್ಕಕ್ಕೇ ಬರುವುದಿಲ್ಲ. ದಿನಕ್ಕೆ ಆರು ದಾನಿಗಳು ಬರುವ ಕಡೆ ಆರು ಸ್ಯಾಂಪಲ್ಲಿಗೆ ಆರು ಕಂಟ್ರೋಲ್, ಅರ್ಧ ಕಿಟ್ ಅದಕ್ಕೇ ಹೋಯಿತು. ಎರಡು ದಿನ ಕಾದು ಒಟ್ಟಿಗೆ ಹಾಕೋಣವೆಂದರೆ, ಪ್ಲೇಟ್‌ಲೆಟ್‌ಗೆ ಇರುವ ಆಯುಷ್ಯವೇ ಐದು ದಿನ. ಎರಡು ದಿನ ಪರೀಕ್ಷೆಯ ಸಾಲಿನಲ್ಲೇ ಕಳೆದರೆ ರೋಗಿಗೆ ಉಳಿಯುವುದೆಷ್ಟು? ಹೀಗಾಗಿ ಸಣ್ಣ ಕೇಂದ್ರಗಳು ರ‍್ಯಾಪಿಡ್ ಕಾರ್ಡಿನ ಕಡೆ ವಾಲುತ್ತವೆ. ಒಂದೊಂದೇ ಮಾಡಬಹುದು, ಬೇಗ ಮುಗಿಯುತ್ತದೆ, ಆದರೆ ಸೂಕ್ಷ್ಮತೆಯಲ್ಲಿ ಒಳ್ಳೆಯ ಎಲೈಸಾಗೆ ಸಾಟಿಯಿಲ್ಲ. ಬಣ್ಣದ ಬದಲು ಬೆಳಕನ್ನು ಅಳೆಯುವ ಕೆಮಿಲ್ಯುಮಿನಿಸೆನ್ಸ್ ಯಂತ್ರಗಳು ಬಿಡಿ ಬಿಡಿ ಸ್ಯಾಂಪಲ್ ತೆಗೆದುಕೊಳ್ಳುತ್ತವೆ ನಿಜ. ಅವೂ ದಿನದಿನ ಕಂಟ್ರೋಲ್ ಕೇಳುತ್ತವೆ, ಆಯಾ ಕಂಪನಿಯ ರೀಏಜೆಂಟ್ (ಪರೀಕ್ಷೆಯ ರಾಸಾಯನಿಕ) ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ.

ಯಂತ್ರ ಪುಕ್ಕಟೆ, ರೀಏಜೆಂಟ್ ಮಾತ್ರ ನಮ್ಮಿಂದ ಕೊಳ್ಳಿ ಎಂಬ ಒಪ್ಪಂದಗಳು ಸಾಮಾನ್ಯ. ಎಮ್ಮೆ ಪುಕ್ಕಟೆ, ಹಿಂಡಿ ನಮ್ಮ ಅಂಗಡಿಯದೇ ಆಗಬೇಕು ಅಂದಂತೆ. ಹಿಂಡಿಯ ಟೆಂಡರ್ ತಡವಾದ ತಿಂಗಳು ಎಮ್ಮೆ ಹಾಲು ಕೊಡುವುದಿಲ್ಲ. ಗುಂಪಿನ ಯಂತ್ರಕ್ಕೆ ಬೇಕಾಗುವ ಸಿದ್ಧ ಕೆಂಪು ಕಣಗಳ ಬಾಳಿಕೆ ನಾಲ್ಕರಿಂದ ಆರು ವಾರ ಅಷ್ಟೆ. ತಯಾರಾದ ಊರಿನಿಂದ ಹೊರಟು, ಗೋದಾಮಿನಲ್ಲಿ ನಿಂತು, ಹುಣಸಗಿ ರಸ್ತೆ ಹಿಡಿಯುವಷ್ಟರಲ್ಲಿ ಅದರಲ್ಲಿ ಎಷ್ಟು ದಿನ ಉಳಿದಿರುತ್ತದೆ ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕೇಳಬೇಕು. ಕೈಯಲ್ಲಿ ಮಾಡುವ ಕಡೆ ಈ ತಲೆನೋವಿಲ್ಲ. ಬೆಳಿಗ್ಗೆ ಪಾಳಿಗೆ ಬಂದವರ ಮೊದಲ ಕೆಲಸವೇ ದಾನಿಗಳ ಚೀಲದ ತುಂಡುಗಳಿಂದ ಎ, ಬಿ, ಓ ಕಣ ತೆಗೆದು, ಸಲೈನಿನಲ್ಲಿ ಮೂರು ಸಲ ತೊಳೆದು 'ಪೂಲ್ಡ್ ಸೆಲ್' ಸಿದ್ಧಪಡಿಸುವುದು.

ಬಿಸಿಲಿನ ಮಾತು ಬೇರೆ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟುವ ಊರು ನಮ್ಮದು. ಹೆಚ್ಚಿನ ಜೆಲ್ ಕಾರ್ಡುಗಳನ್ನು 25 ಡಿಗ್ರಿ ಮೀರದಂತೆ ಇಡಬೇಕು. ಎಸಿ ಕೆಟ್ಟ ಕೋಣೆಯಲ್ಲಿ ವಾರ ಕಳೆದ ಕಾರ್ಡಿನಲ್ಲಿ ಜೆಲ್ ಮೇಲಿನ ನೀರಿನ ಪದರ ಆರಿ, ಗುಳ್ಳೆ ಎದ್ದಿರುತ್ತವೆ. ಕಣ್ಣಿಟ್ಟು ನೋಡುವವರು ಅದನ್ನು ಎಸೆಯುತ್ತಾರೆ. ಕರೆಂಟು ಹೋಗಿ ಜನರೇಟರ್ ಹತ್ತಿಕೊಳ್ಳುವ ಆ ಅರ್ಧ ನಿಮಿಷ ಇದೆಯಲ್ಲ, ಫ್ರಿಜ್ಜಿಗೆ ಅದು ಏನೂ ಅಲ್ಲ. ಪ್ಲೇಟಿನ ನಡುವೆ ನಿಂತ ಯಂತ್ರಕ್ಕೆ ಇಡೀ ಪ್ಲೇಟೇ ಹಾಳು. ಯುಪಿಎಸ್ ಇಲ್ಲದೆ ಯಂತ್ರ ಕೊಡುವ ಯೋಜನೆ ಯೋಜನೆಯೇ ಅಲ್ಲ. ಇನ್ನು ರಿಪೇರಿ. ಬೀದರಿಗಾದರೆ ಹೈದರಾಬಾದ್ ಹತ್ತಿರ, ಇಂಜಿನಿಯರ್ ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಬಂದಾನು. ಆದರೆ ಕರ್ನಾಟಕದ ಒಪ್ಪಂದವಾದ್ದರಿಂದ ಬೆಂಗಳೂರಿನಿಂದಲೇ ಬರಬೇಕು ಎಂಬ ನಿಯಮ ಹೇಳಿ ಕೂಡಿಸುವ ಕಂಪನಿಗಳೂ ಇವೆ. ಆರುನೂರಕ್ಕೂ ಹೆಚ್ಚು ಕಿಲೋಮೀಟರಿನ ಆ ದಾರಿಯಲ್ಲಿ ಎಷ್ಟು ಸ್ಯಾಂಪಲ್ ಕಾಯಬೇಕು?

ಈ ಎಲ್ಲದರಿಂದ ನಾನು ತೀರ್ಮಾನಿಸುವುದಿಷ್ಟು. ದೊಡ್ಡ ಯಂತ್ರಗಳು ಕಲಬುರಗಿಯಂಥ ಕಡೆ ಬರಲಿ. ಜಿಮ್ಸ್, ಇಎಸ್‌ಐಸಿ ಮೆಡಿಕಲ್ ಕಾಲೇಜು, ಜಯದೇವ, ಕಿದ್ವಾಯಿಯ ಕೇಂದ್ರ, ಬಸವೇಶ್ವರ ಆಸ್ಪತ್ರೆ ಎಲ್ಲ ಒಂದೇ ನಗರದಲ್ಲಿವೆ. ಹೃದಯ ಶಸ್ತ್ರಚಿಕಿತ್ಸೆ, ಕ್ಯಾನ್ಸರ್, ಹೆರಿಗೆ ಎಲ್ಲಕ್ಕೂ ರಕ್ತ ಇಲ್ಲೇ ಬೇಕು. ಪ್ಲೇಟು ತುಂಬುವಷ್ಟು ಸ್ಯಾಂಪಲ್ಲಿಗೆ ಇಲ್ಲಿ ಬರವಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಸಂಗ್ರಹ ಕೇಂದ್ರ ನಡೆಸಲು ನಿಯಮದಲ್ಲಿ 2001ರ ತಿದ್ದುಪಡಿಯಿಂದ ಅವಕಾಶವಿದೆ. ದೊಡ್ಡ ರಕ್ತ ಕೇಂದ್ರದಲ್ಲಿ ಪರೀಕ್ಷೆ ಮುಗಿದ ಚೀಲ ಅಲ್ಲಿಗೆ ಹೋಗುತ್ತದೆ, ಅಲ್ಲಿ ಗುಂಪು ನೋಡಿ ಕ್ರಾಸ್‌ಮ್ಯಾಚ್ ಮಾಡಿ ಕೊಡುತ್ತಾರೆ. ಸೇಡಂ, ಶಹಾಪುರ, ಭಾಲ್ಕಿಯಂಥ ಊರುಗಳಿಗೆ ಬೇಕಾದದ್ದು ಲಕ್ಷಾಂತರದ ಅನಲೈಸರ್ ಅಲ್ಲ. ಜೆಲ್ ಕಾರ್ಡಿನ ಸಣ್ಣ ಸೆಟ್ಟು, ನಂಬಬಹುದಾದ ಫ್ರಿಜ್ಜು, ರಾತ್ರಿಗೂ ಒಬ್ಬ ಕಾಯಂ ಟೆಕ್ನಿಷಿಯನ್.

ನಡುವಿನವರದು ಕಷ್ಟದ ಲೆಕ್ಕ. 2009ರ ಕೊನೆಗೆ ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾದ ಯಾದಗಿರಿಯಲ್ಲಿ ಈಗ ಸ್ವಂತ ಮೆಡಿಕಲ್ ಕಾಲೇಜಿದೆ. ಕಾಲೇಜೆಂದ ಮೇಲೆ ಯಂತ್ರದ ಬೇಡಿಕೆ ಬಂದೇ ಬರುತ್ತದೆ, ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ನಂತರ ಇಲ್ಲಿನ ಅಭಿವೃದ್ಧಿ ಮಂಡಳಿಗೆ ಬರುವ ಹಣದಲ್ಲಿ ಕೊಳ್ಳುವುದೂ ಅಸಾಧ್ಯವಲ್ಲ. ಕೊಂಡದ್ದಕ್ಕೆ ಫೋಟೊ, ರಿಬ್ಬನ್ ಎಲ್ಲ ಸಿಗುತ್ತದೆ. ಆರನೇ ವರ್ಷದ ನಿರ್ವಹಣಾ ಒಪ್ಪಂದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ.

ಆದರೆ ಕಲಬುರಗಿ, ಯಾದಗಿರಿ, ಬೀದರ್ ಮೂರೂ ಜಿಲ್ಲೆಗಳಲ್ಲಿ ನಾಳೆಯೇ ಆಗಬಹುದಾದ, ಅಗ್ಗದ ಕೆಲಸವೊಂದಿದೆ: ಬಾರ್‌ಕೋಡ್. ದಾನಿಯ ಅರ್ಜಿ, ಚೀಲ, ಅದರ ಜೊತೆಯ ಚಿಕ್ಕ ಚೀಲಗಳು, ಪರೀಕ್ಷೆಯ ಟ್ಯೂಬು, ಎಲ್ಲದಕ್ಕೂ ಮಂಚದ ಬಳಿಯೇ ಒಂದೇ ಸಂಖ್ಯೆಯ ಚೀಟಿ. ಆಮೇಲೆ ಯಾರೂ ಸಂಖ್ಯೆ ಬರೆಯಬಾರದು, ಸ್ಕ್ಯಾನ್ ಮಾಡಬೇಕು. ಎಲೈಸಾ ರೀಡರಿನಿಂದ ಕಂಪ್ಯೂಟರಿಗೆ ಒಂದು ತಂತಿ. 2016ರಲ್ಲಿ ಶುರುವಾದ ಇ-ರಕ್ತಕೋಶ್ ಕೈಯಲ್ಲಿದೆ, ಯಾವ ಊರಿನಲ್ಲಿ ಯಾವ ಗುಂಪು ಎಷ್ಟಿದೆ ಎಂದು ಮನೆಯಲ್ಲೇ ನೋಡಬಹುದು. ಒಳ್ಳೆಯದೇ. ಆದರೆ ರಿಜಿಸ್ಟರಿಗೆ ಬರೆದದ್ದನ್ನೇ ಸಂಜೆ ಕೂತು ಕೀಬೋರ್ಡಿನಲ್ಲಿ ಮತ್ತೆ ಬಡಿಯುವ ಕಡೆ ಒಂದರ ಬದಲು ಎರಡು ಸಲ ಸಾಲು ಜಾರಲು ದಾರಿ ಮಾಡಿಕೊಟ್ಟಂತಾಯಿತು. ಅದನ್ನು ಗಣಕೀಕರಣವೆಂದು ವರದಿಯಲ್ಲಿ ಬರೆಯುತ್ತಾರೆ.

ಎಷ್ಟೇ ದುಡ್ಡು ಹಾಕಿದರೂ ಯಂತ್ರ ಅಳಿಸಲಾರದ್ದು ವಿಂಡೋ ಪೀರಿಯಡ್. ಸೋಂಕು ತಗುಲಿದ ಮೇಲೆ ಪರೀಕ್ಷೆಗೆ ಕಾಣಿಸುವವರೆಗಿನ ದಿನಗಳು. ಎಚ್‌ಐವಿಗೆ ಮೂರನೇ ತಲೆಮಾರಿನ ಎಲೈಸಾದಲ್ಲಿ ಇದು ಸುಮಾರು 22 ದಿನ, ವೈರಸ್ಸಿನ ಪಿ24 ಅಂಶವನ್ನೂ ಹುಡುಕುವ ನಾಲ್ಕನೆಯದರಲ್ಲಿ ಸುಮಾರು 16, ವೈರಸ್ಸಿನ ಆರ್‌ಎನ್‌ಎ ಹುಡುಕುವ ನ್ಯಾಟ್‌ನಲ್ಲಿ ಹನ್ನೊಂದರ ಆಸುಪಾಸು. ಇದನ್ನು ಕಡಿಮೆ ಮಾಡುವುದು ಕಿಟ್ಟಿನ ತಲೆಮಾರೇ ಹೊರತು ಪ್ಲೇಟು ಹಾಕುವ ಕೈ ಮನುಷ್ಯನದೋ ಯಂತ್ರದ್ದೋ ಎಂಬುದಲ್ಲ. ನ್ಯಾಟ್ ನಮ್ಮಲ್ಲಿ ಕಡ್ಡಾಯವಲ್ಲ. ಅಗ್ಗದ ಕಿಟ್ ಹಾಕಿದ ದುಬಾರಿ ಯಂತ್ರ ಆ ಅಗ್ಗದ ಉತ್ತರವನ್ನೇ ಬೇಗ ಬೇಗ ಕೊಡುತ್ತದೆ. ಉಳಿದ ದಿನಗಳನ್ನು ಕಾಯುವುದು ದಾನಿ ಅರ್ಜಿಯಲ್ಲಿ ಹೇಳುವ ನಿಜ. ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಬಲದಿಂದ 1998ರ ಜನವರಿಯಿಂದ ಹಣಕ್ಕೆ ರಕ್ತ ಕೊಡುವುದು ನಿಷಿದ್ಧವಾಯಿತು. ಆದರೆ "ನೀವು ಒಂದ್ ಬಾಟ್ಲಿ ಕೊಟ್ರ ನಾವ್ ಒಂದ್ ಬಾಟ್ಲಿ ಕೊಡ್ತೀವಿ" ಎಂದು ಸಂಬಂಧಿಕರನ್ನು ಒತ್ತಾಯಿಸಿದಾಗ, ಒಲ್ಲದ ಮನಸ್ಸಿನಿಂದ ಮಂಚ ಹತ್ತಿದವನು ಅರ್ಜಿಯ ಪ್ರಶ್ನೆಗಳಿಗೆಲ್ಲ 'ಇಲ್ಲ' ಎಂದು ಗೀಚುತ್ತಾನೆ. ಸಮಸ್ಯೆ ಆ ಗೀಚುವಿಕೆಯಿಂದಲೇ ಶುರು.

ಇನ್ನೊಂದು ತುದಿ ವಾರ್ಡು. ನಮ್ಮ ಹೆರಿಗೆ ವಾರ್ಡಿನಲ್ಲಿ ಒಂದೇ ರಾತ್ರಿ ಇಬ್ಬರು ಮಲ್ಲಮ್ಮ ಇರುವುದು ವಿಶೇಷವೇನಲ್ಲ. ಕೆಲವೊಮ್ಮೆ ಇಬ್ಬರ ಗಂಡನ ಹೆಸರೂ ಶರಣಪ್ಪ. ಸಿಸ್ಟರ್ ಎರಡು ಟ್ಯೂಬಿಗೆ ರಕ್ತ ತೆಗೆದು ಟ್ರೇಯಲ್ಲಿಟ್ಟು, ಫೋನ್ ಬಂದು, ಹಿಂತಿರುಗಿ ಹೆಸರು ಬರೆಯುತ್ತಾರೆ. ಅದಲು ಬದಲಾದ ಟ್ಯೂಬು ಕಿಸೆಯಲ್ಲಿ ಕೂತು ಕಿಟಕಿಗೆ ಬರುತ್ತದೆ. ಒಳಗಿನ ಯಂತ್ರ ಬಾರ್‌ಕೋಡ್ ಓದಿ, ಗುಂಪು ನೋಡಿ, ಕ್ರಾಸ್‌ಮ್ಯಾಚ್ ಮಾಡಿ, ಹೊಂದುತ್ತದೆ ಎಂದು ಹೇಳುತ್ತದೆ. ಹೇಳಿದ್ದು ಸರಿಯೇ ಇರುತ್ತದೆ, ಆ ಟ್ಯೂಬಿನ ಮಟ್ಟಿಗೆ. ಮಂಚದ ಪಕ್ಕದಲ್ಲೇ ಕೈಪಟ್ಟಿಯ ಸಂಖ್ಯೆ ಓದಿ ಟ್ಯೂಬಿಗೆ ಚೀಟಿ ಅಂಟಿಸುವುದು, ಈ ರೋಗಿಯ ಹಳೆಯ ಗುಂಪು ದಾಖಲೆಯಲ್ಲಿ ಇಲ್ಲದಿದ್ದರೆ ಬೇರೆ ಹೊತ್ತಿನಲ್ಲಿ ಇನ್ನೊಮ್ಮೆ ರಕ್ತ ತೆಗೆದು ತಾಳೆ ನೋಡುವುದು, ಇಷ್ಟಕ್ಕೆ ಬೇಕಾಗುವುದು ಒಂದು ಪುಟ್ಟ ಪ್ರಿಂಟರು, ಹತ್ತು ನಿಮಿಷ. ಆ ಎರಡನೇ ಟ್ಯೂಬು ಕೇಳಿದ್ದಕ್ಕೆ ವಾರ್ಡಿನವರಿಂದ ನಾನು ತಿಂದ ಬೈಗುಳ ಸಣ್ಣದಲ್ಲ. ಮೆಟ್ಟಿಲಿಳಿದು ಮತ್ತೆ ಬಂದ ಸಂಬಂಧಿಕರು ಕಿಟಕಿಯಲ್ಲಿ ತಲೆ ತೂರಿಸಿ ಕೇಳುತ್ತಿದ್ದರು: "ಈಗಷ್ಟೇ ಕೊಟ್ಟೀವಲ್ರಿ ಸರ, ಅದೇನ್ ಮಾಡಿದ್ರಿ?"